ತೊಗರಿಯ ನೆಟೆ ರೋಗ: ರೋಗಕಾರಕ ಶಿಲೀಂಧ್ರದ ಪರಿಚಯ ಹಾಗೂ ರೈತರಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗಗಳಲ್ಲಿ ತೊಗರಿಯು ಮುಂಗಾರು ಹಂಗಾಮಿನ ಪ್ರಮುಖ ಬೆಳೆಯಾಗಿರುತ್ತದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 2022-23ನೇ ಸಾಲಿನಲ್ಲಿ ಜಿಲ್ಲೆಯಾದ್ಯಂತ ನೆಟೆ ರೋಗ ವ್ಯಾಪಿಸಿ, ಸರ್ಕಾರವು ಬೆಳೆಗಾರರಿಗೆ ವಿಶೇಷ ಪರಿಹಾರವನ್ನು ಘೋಷಿಸಬೇಕಾಯಿತು. ಹೂವು, ಕಾಯಿ ಹಿಡಿದ ಗಿಡ ನಿಂತಲ್ಲಿಯೇ ಒಣಗುವುದೇಕೆ, ಆಗ ಯಾವ ಔಷಧಿ ಸಿಂಪಡಿಸಬೇಕು ಎಂಬುದು ರೈತ ಬಾಂಧವರ ಸಾಮಾನ್ಯ ಪ್ರಶ್ನೆ. ಆ ಹಂತದಲ್ಲಿ ಸಿಂಪಡಿಸುವ ಔಷಧಿಯಿಂದ ಒಣಗಿದ ಗಿಡ ಚೇತರಿಸಿಕೊಳ್ಳುವುದಿಲ್ಲ. ಕಾರಣವನ್ನು ತಿಳಿಯಲು ರೋಗಕಾರಕದ ಜೀವಕೋಶದ ರಚನೆಯನ್ನು ಅರಿಯುವುದು ಅವಶ್ಯಕ.

ಈ ರೋಗವನ್ನು ಬಿಹಾರದಲ್ಲಿ ಗುರುತಿಸಿ 1906ರಲ್ಲಿ ಮೊದಲು ವರದಿ ಮಾಡಿದವರು ಇ. ಜೆ. ಬಟ್ಲರ್. 1910ರಲ್ಲಿ ಅವರೇ ಇದರ ಶಿಲೀಂಧ್ರಕ್ಕೆ ಫ್ಯುಸೇರಿಯಂ ಉಡಮ್ ಎಂದು ಹೆಸರಿಟ್ಟರು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಕೂಡ ಶಿಲೀಂಧ್ರವೇ. ಆದರೆ ಅದು ಒಂಟಿ ಕೋಶವಾಗಿದ್ದು ಮೊಗ್ಗೊಡೆದು ಹೆಚ್ಚುತ್ತದೆ. ಫ್ಯುಸೇರಿಯಂ ಕೋಶಗಳು ಒಂದರ ತುದಿಗೊಂದು ಸೇರಿ ಎಳೆಗಳಾಗಿ ಬೆಳೆಯುತ್ತವೆ. ಎಳೆಯ ತುದಿ ಮಾತ್ರ ಮುಂದಕ್ಕೆ ಚಾಚುವುದರಿಂದ ಅದು ಮಣ್ಣಿನಲ್ಲಿ ಬೇರನ್ನು ತಲುಪಿ ಒಳಹೊಕ್ಕಬಲ್ಲದು. ಎರಡರ ಕೋಶಭಿತ್ತಿಯಲ್ಲಿಯೂ ಗ್ಲುಕಾನ್ ಮತ್ತು ಕೈಟಿನ್ ಎಂಬ ವಸ್ತುಗಳಿವೆ. ಗಿಡದ ಕೋಶಭಿತ್ತಿಯಲ್ಲಿ ಕೈಟಿನ್ ಇರುವುದಿಲ್ಲ.

ಬೇರಿನ ಮೂಲಕ ಪ್ರವೇಶಿಸಿದ ಎಳೆಗಳು ನೀರು ಸಾಗಿಸುವ ನಾಳಗಳನ್ನು ಸೇರುತ್ತವೆ. ಅಲ್ಲಿ ಹುಟ್ಟುವ ಸಣ್ಣ ಬೀಜಕಗಳು ನೀರಿನೊಡನೆ ಮೇಲಕ್ಕೆ ಸಾಗಿ ಹೊಸ ಎಳೆಗಳನ್ನು ಹೊರಡಿಸುತ್ತವೆ. ಗಿಡವು ತನ್ನ ರಕ್ಷಣೆಗಾಗಿ ಸ್ರವಿಸುವ ಅಂಟು ಪದಾರ್ಥವೂ ಅದೇ ನಾಳಗಳನ್ನು ಕಟ್ಟುತ್ತದೆ. ಹೀಗಾಗಿ ಹೊಲದಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಕಾಂಡದ ಬುಡದಿಂದ ಮೇಲೇರುವ ನೇರಳೆ ಬಣ್ಣದ ಪಟ್ಟಿ ಹಾಗೂ ಕಾಂಡವನ್ನು ಸೀಳಿದಾಗ ಒಳಗೆ ಕಾಣುವ ಕಂದು ಅಥವಾ ಕಪ್ಪು ಗೆರೆಗಳು ಇದರ ಗುರುತು. ಒಣ ಬೇರು ಕೊಳೆ ಮತ್ತು ಫೈಟಾಫ್ತೊರಾ ಮಚ್ಚೆ ರೋಗದಿಂದಲೂ ಗಿಡ ಒಣಗುವುದರಿಂದ ಸೀಳಿ ನೋಡದೆ ನಿರ್ಣಯಕ್ಕೆ ಬರತಕ್ಕದ್ದಲ್ಲ.

ಗಿಡ ಸತ್ತ ನಂತರವೂ ಶಿಲೀಂಧ್ರ ಸಾಯುವುದಿಲ್ಲ. ಕೆಲವು ಕೋಶಗಳು ಭಿತ್ತಿಯನ್ನು ದಪ್ಪಗೊಳಿಸಿಕೊಂಡು, ಆಹಾರ ಕೂಡಿಟ್ಟು ಸುಪ್ತಾವಸ್ಥೆಗೆ ಜಾರುತ್ತವೆ. ಹೊಲದಲ್ಲಿ ಉಳಿದ ರೋಗಪೀಡಿತ ಬೇರು, ಕೂಳೆಗಳಲ್ಲಿ ಈ ಶಿಲೀಂಧ್ರ ಸುಮಾರು 3 ವರ್ಷ ಬದುಕಬಲ್ಲದು. ವರ್ಷ ವರ್ಷವೂ ಅದೇ ಹೊಲದಲ್ಲಿ ತೊಗರಿಯನ್ನೇ ಬಿತ್ತುವುದೆಂದರೆ ಅದಕ್ಕೆ ಆಹಾರ ಒದಗಿಸಿದಂತೆಯೇ ಸರಿ. ಜೋಳದೊಡನೆ ಮಿಶ್ರ ಬೆಳೆಯಾಗಿ ಬೆಳೆದಲ್ಲಿ ಅಥವಾ ಒಂದು ವರ್ಷ ಜೋಳಕ್ಕೆ ಬದಲಾಯಿಸಿದಲ್ಲಿ ರೋಗ ಕಡಿಮೆಯಾಗುವುದು ಕಂಡುಬಂದಿದೆ. ಜೋಳ ಬಿಟ್ಟು ತೊಗರಿಯೊಂದನ್ನೇ ನಂಬಿದ ಹೊಲಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಬಿತ್ತನೆಗೆ ಮುನ್ನ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಬಹುದಾಗಿದೆ. ಟ್ರೈಕೋಡರ್ಮಾವೂ ಶಿಲೀಂಧ್ರವೇ, ಅದು ರೋಗಕಾರಕದ ಎಳೆಯನ್ನು ಸುತ್ತಿಕೊಂಡು, ಕೈಟಿನ್ ಕರಗಿಸುವ ಕಿಣ್ವದಿಂದ ಭಿತ್ತಿಯನ್ನು ಒಡೆಯುತ್ತದೆ. ಕಾರ್ಬೆಂಡಜಿಮ್ ಔಷಧಿಯು ಶಿಲೀಂಧ್ರದ ಕೋಶ ವಿಭಜನೆಯನ್ನೇ ತಡೆಯುವುದರಿಂದ ಟ್ರೈಕೋಡರ್ಮಾಕ್ಕೂ ಮಾರಕ. ಆದ್ದರಿಂದ ಇವೆರಡನ್ನೂ ಒಂದೇ ಬೀಜಕ್ಕೆ ಕೂಡಿಸಿ ಬಳಸಬಾರದು. ಹಣ ಕೊಟ್ಟು ತಂದ ಒಂದನ್ನು ಇನ್ನೊಂದರಿಂದ ಕೊಂದಂತಾಗುತ್ತದೆ.

ಎಲ್ಲಕ್ಕಿಂತ ಭರವಸೆಯ ಕ್ರಮವೆಂದರೆ ರೋಗ ನಿರೋಧಕ ತಳಿಯ ಆಯ್ಕೆ. 1980ರ ದಶಕದಲ್ಲಿ ಬಿಡುಗಡೆಯಾದ ಮಾರುತಿ ತಳಿಯ ನಂತರ ಟಿಎಸ್-3ಆರ್, ಜಿಆರ್‌ಜಿ-811 ಮುಂತಾದ ತಳಿಗಳು ಬಂದಿವೆ. ಬಿತ್ತನೆ ಬೀಜ ಹಾಗೂ ಜೈವಿಕ ಪರಿಕರಗಳಿಗಾಗಿ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಬಿತ್ತನೆಗೆ ಮೊದಲೇ ಸಂಪರ್ಕಿಸತಕ್ಕದ್ದು. ರೋಗ ಪರೀಕ್ಷೆಗಾಗಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆರಳುವವರು ಬೇರು ಸಮೇತ ಕಿತ್ತ, ಪೂರ್ತಿ ಒಣಗದ ಗಿಡವನ್ನು ಒಯ್ಯುವುದು ಸೂಕ್ತ. ಬರೀ ಎಲೆಯಿಂದ ಏನೂ ತಿಳಿಯುವುದಿಲ್ಲ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಮುಂಗಾರು ತೊಗರಿಗೆ ರೈತರ ವಂತಿಗೆ ವಿಮಾ ಮೊತ್ತದ ಗರಿಷ್ಠ ಶೇ. 2 ಇರುತ್ತದೆ. ರೋಗದಿಂದಾದ ನಷ್ಟವನ್ನು ಆಲಿಕಲ್ಲು ಮಳೆಯ ಹಾನಿಯಂತೆ ಒಬ್ಬೊಬ್ಬರ ಹೊಲದಲ್ಲಿ ಪ್ರತ್ಯೇಕವಾಗಿ ಅಳೆಯಲಾಗುವುದಿಲ್ಲ; ಅಧಿಸೂಚಿತ ವಿಮಾ ಘಟಕದ ಸರಾಸರಿ ಇಳುವರಿಯಲ್ಲಿನ ಕೊರತೆಯನ್ನು ಆಧರಿಸಿ ಪರಿಹಾರ ನಿಗದಿಯಾಗುತ್ತದೆ. ವಿಮೆಗೆ ನೋಂದಾಯಿಸಿದ ಬೆಳೆ ಹಾಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಆಗಿರುವುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳತಕ್ಕದ್ದು.