ಕ್ಯಾಮರಾ ಲೆನ್ಸ್‌ಗೆ ಮನೆಯಲ್ಲೇ ಸುರಕ್ಷಿತ ಗೂಡು: ಕಮ್ಮಿ ಖರ್ಚಿನ ಉಪಾಯಗಳು

ಮದುವೆ, ಸಭೆ-ಸಮಾರಂಭಗಳ ಫೋಟೊಗ್ರಫಿ ಇಂದು ನಮ್ಮ ಹಲವು ಯುವಕರ ದುಡಿಮೆ. ಮಳೆಗಾಲದಲ್ಲಿ ಕಾರ್ಯಕ್ರಮಗಳು ಕಮ್ಮಿ; ಬ್ಯಾಗ್ ವಾರಗಟ್ಟಲೆ ಕಪಾಟಿನಲ್ಲೇ ಉಳಿಯುತ್ತದೆ. ಲೆನ್ಸ್‌ಗೆ ಬೂಷ್ಟು ಹಿಡಿಯುವುದು ಆಗಲೇ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಹರಡುವ ಈ ಫಂಗಸ್ ಗಾಜಿನ ಲೇಪನವನ್ನೇ ತಿಂದುಬಿಟ್ಟರೆ, ಸರ್ವಿಸ್ ಮಾಡಿಸಿದರೂ ಕಲೆ ಹೋಗುವುದಿಲ್ಲ.

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿಗೆ ಮಾತ್ರ ಸೀಮಿತವಾದ ಸಮಸ್ಯೆ ಇದಲ್ಲ. ಕೊಯಮತ್ತೂರಿನ ಪಶ್ಚಿಮಕ್ಕಿರುವ ತೊಂಡಾಮುತ್ತೂರನ್ನೇ ನೋಡಿ. ವೆಳ್ಳಿಯಂಗಿರಿ ಬೆಟ್ಟಗಳ ಕಡೆಗಿನ ಈ ಊರಿನಲ್ಲಿ ಅಡಿಕೆ, ತೆಂಗು, ಬಾಳೆ ತೋಟಗಳ ತಂಪು. ನೊಯ್ಯಲ್ ಹೊಳೆ ಹುಟ್ಟುವುದೂ ಆ ಬೆಟ್ಟಗಳಲ್ಲೇ. ನಗರದ ಒಣ ಹವೆಯಿಂದ ಆನೆ, ಹಕ್ಕಿಗಳ ಚಿತ್ರ ತೆಗೆಯಲು ಅಲ್ಲಿಗೆ ಹೋಗುವವರೂ ಲೆನ್ಸ್ ಕಾಪಾಡಿಕೊಳ್ಳಬೇಕು.

ಒಣ ಡಬ್ಬ

ಗಾಳಿಯ ತೇವಾಂಶ ಶೇ. 60 ದಾಟಿ ಹಾಗೇ ಉಳಿದರೆ ಬೂಷ್ಟಿಗೆ ಹಬ್ಬ. ಶೇ. 40ರಿಂದ 50 ಲೆನ್ಸ್‌ಗೆ ಹಿತ. ಮುಚ್ಚಳಕ್ಕೆ ರಬ್ಬರ್ ಪಟ್ಟಿ, ನಾಲ್ಕೂ ಕಡೆ ಲಾಕ್ ಇರುವ 5ರಿಂದ 10 ಲೀಟರಿನ ಅಡುಗೆಮನೆ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಬಟ್ಟೆ ಚೀಲದಲ್ಲಿ ಸುಮಾರು 100 ಗ್ರಾಂ ಸಿಲಿಕಾ ಜೆಲ್ ಕಟ್ಟಿಡಿ. ಒಂದು ಪುಟ್ಟ ಡಿಜಿಟಲ್ ತೇವಾಂಶ ಮಾಪಕ ಇಟ್ಟರೆ ಅಂದಾಜಿನ ಗೊಡವೆ ಇಲ್ಲ. ಶೇ. 30ಕ್ಕಿಂತ ಕೆಳಗೆ ಇಳಿದರೆ ಸ್ವಲ್ಪ ಜೆಲ್ ಹೊರತೆಗೆಯಿರಿ. ಅತಿಯಾದ ಒಣಗು ರಬ್ಬರಿಗೆ, ಗ್ರೀಸಿಗೆ ಒಳ್ಳೆಯದಲ್ಲ.

ಕಿತ್ತಳೆ ಬಣ್ಣದ ಜೆಲ್ ನೀರು ಹೀರಿ ಹಸಿರಾದಾಗ ಓವನ್‌ನಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಗುಲಾಬಿಗೆ ತಿರುಗುವ ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿದೆ. ಮಕ್ಕಳಿರುವ ಮನೆಗೆ ಅದು ಬೇಡ.

ಅಕ್ಕಿ ಹಾಕಿಡುವುದು ವ್ಯರ್ಥ, ಅದರ ಧೂಳೇ ಲೆನ್ಸಿಗೆ ಸೇರುತ್ತದೆ. ನುಸಿಗುಳಿಗೆಯನ್ನೂ ಹತ್ತಿರ ಇಡಬೇಡಿ. ಚರ್ಮದ ಕೇಸ್ ತೇವ ಹಿಡಿದಿಡುತ್ತದೆ. ಬೂಷ್ಟು ಹಿಡಿದ ಲೆನ್ಸ್ ಇದ್ದರೆ ಬೇರೆಯೇ ಇಡಿ.

ಪೈಪಿನ ಕೇಸ್

ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪಿನ ತುಂಡು, ಎರಡು ಮುಚ್ಚಳ, ಹಳೆಯ ಯೋಗ ಮ್ಯಾಟ್ ಇಷ್ಟು ಸಾಕು. ಕಿಟ್ ಲೆನ್ಸ್‌ಗೆ 90 ಮಿ.ಮೀ., 70-200ರಂಥ ದೊಡ್ಡದಕ್ಕೆ 110 ಮಿ.ಮೀ. ಪೈಪ್ ನೋಡಿ. ಲೆನ್ಸ್‌ನ ಸುತ್ತಳತೆ ಅಳೆದ ನಂತರವೇ ಕೊಳ್ಳಿ.

1. ಲೆನ್ಸ್‌ಗಿಂತ 3 ಸೆಂ.ಮೀ. ಉದ್ದ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ.
2. ಪುಡಿಯೆಲ್ಲ ಹೋಗುವಂತೆ ತೊಳೆದು ಪೂರ್ತಿ ಒಣಗಿಸಿ.
3. ಒಳಸುತ್ತಿಗೂ ಎರಡೂ ತುದಿಗೂ ಮ್ಯಾಟ್ ಅಂಟಿಸಿ. ಅಂಟಿನ ವಾಸನೆ ಹೋಗಲು ಎರಡು ದಿನ ತೆರೆದಿಡಿ.
4. ಒಂದು ಮುಚ್ಚಳ ಖಾಯಂ ಅಂಟಿಸಿ, ಇನ್ನೊಂದು ತೆಗೆದು ಹಾಕುವಂತಿರಲಿ.

ಇದು ಹೊತ್ತೊಯ್ಯಲು ಮಾತ್ರ. ಮನೆಗೆ ಬಂದ ಕೂಡಲೇ ಲೆನ್ಸ್ ಒಣ ಡಬ್ಬಕ್ಕೆ ಹೋಗಲಿ.

ದಾರಿಯಲ್ಲಿ

ಬೈಕಿನ ಪೆಟ್ಟಿಗೆಯ ಅದುರಾಟಕ್ಕೆ ಲೆನ್ಸ್‌ನ ಸ್ಕ್ರೂ ಸಡಿಲವಾಗಬಹುದು. ಬ್ಯಾಗ್ ಬೆನ್ನಿಗೇ ಇರಲಿ, ಭಾರದ ಲೆನ್ಸ್ ಬೆನ್ನಿಗೆ ತಾಗಿಕೊಂಡಿರಲಿ. ಎ.ಸಿ. ಕಾರಿನಿಂದ ಇಳಿಯುವ ಮೊದಲೇ ಲೆನ್ಸ್ ಅನ್ನು ಜಿಪ್ ಕವರಿಗೆ ಹಾಕಿ, ಹೊರಗೆ ಅರ್ಧ ಗಂಟೆ ಬಿಟ್ಟು ತೆರೆಯಿರಿ. ಆಗ ಹನಿ ಕವರಿನ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ.

ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಲೆನ್ಸ್ ಹೊರತೆಗೆದು, ಝೂಮ್ ತಿರುಗಿಸಿ, ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿ. ಬೂಷ್ಟು ಆರಂಭದಲ್ಲೇ ಕಣ್ಣಿಗೆ ಬಿದ್ದರೆ ಲೆನ್ಸ್ ಉಳಿಯುತ್ತದೆ.