ವಯಸ್ಸಾಗುತ್ತ ಹೋದ ನಾಯಿಕೆ

ಚಿತ್ರಕಥೆಗಳ ಲೋಕದಲ್ಲಿ ಸಾಮಾನ್ಯವಾಗಿ ಯಾರಿಗೂ ವಯಸ್ಸಾಗುವುದಿಲ್ಲ. ಟಿನ್‌ಟಿನ್ ಎಂಬ ಹುಡುಗ ಹತ್ತಾರು ವರ್ಷ ಹುಡುಗನಾಗಿಯೇ ಉಳಿದ. ಮಾಂಡ್ರೇಕನ ಮೀಸೆ ಒಂದು ದಿನವೂ ನರೆಯಲಿಲ್ಲ. ದೇವತೆಗಳಿಗೆ ಮುಪ್ಪಿಲ್ಲವೆಂದು ನಮ್ಮ ಪುರಾಣಗಳು ಹೇಳುತ್ತವೆ; ಆ ವರವನ್ನು ಈ ಶತಮಾನಗಳಲ್ಲಿ ಅನುಭವಿಸುತ್ತಿರುವವರು ಬಹುಶಃ ಈ ಚಿತ್ರವೀರರೇ. ಈ ನಿಯಮಕ್ಕೆ ಅಪವಾದಗಳು ಕೆಲವೇ. ಅಂಥ ಒಂದು ಅಪವಾದ 1965ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಾಣಿಸಿಕೊಂಡ ವಲೆಂಟೀನಾ ರೊಸ್ಸೆಲ್ಲಿ ಎಂಬ ಹೆಣ್ಣು. ಅವಳನ್ನು ಬರೆದವನು ಗುಯಿದೊ ಕ್ರೆಪಾಕ್ಸ್. ಶೃಂಗಾರದ ಚಿತ್ರಕಾರನೆಂದು ಹೆಸರಾದವನು, ಅದೇ ಕಾರಣಕ್ಕೆ ಸಭ್ಯರು ಹೆಸರೆತ್ತಲು ಸಂಕೋಚಪಟ್ಟವನು. ಆ ಸಂಕೋಚ ಎಷ್ಟರಮಟ್ಟಿಗೆ ನ್ಯಾಯ, ಎಷ್ಟರಮಟ್ಟಿಗೆ ಅನ್ಯಾಯ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಇಟಲಿಯಲ್ಲಿ ಚಿತ್ರಕಥೆಗೆ ‘ಫುಮೆತ್ತಿ’ ಎಂಬ ಚಂದದ ಹೆಸರಿದೆ. ಪುಟ್ಟ ಹೊಗೆಯ ಸುರುಳಿಗಳು ಎಂದು ಅದರ ಅರ್ಥ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳು ಹೊಗೆಯಂತೆ ಕಂಡದ್ದರಿಂದ ಈ ಹೆಸರು. ಆದರೆ 1908ರಲ್ಲಿ ಆರಂಭವಾದ ‘ಕೊರಿಯೆರೆ ದೇಯಿ ಪಿಕ್ಕೊಲಿ’ ಎಂಬ ಮಕ್ಕಳ ಪತ್ರಿಕೆ ಆ ಹೊಗೆಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಗುಳ್ಳೆಗಳನ್ನು ತೆಗೆದುಹಾಕಿ ಚಿತ್ರದ ಕೆಳಗೆ ಪ್ರಾಸಬದ್ಧ ಪದ್ಯಗಳನ್ನು ಅಚ್ಚುಹಾಕುತ್ತಿತ್ತು. ಮಕ್ಕಳು ಕೆಡಬಾರದೆಂಬ ಕಾಳಜಿ! 1962ರಲ್ಲಿ ಮಿಲಾನಿನ ಇಬ್ಬರು ಸೋದರಿಯರು, ಆಂಜೆಲಾ ಮತ್ತು ಲೂಚಿಯಾನಾ ಜುಸ್ಸಾನಿ, ‘ದಿಯಾಬೊಲಿಕ್’ ಎಂಬ ಮುಸುಕುಧಾರಿ ಕಳ್ಳನ ಕಥೆಯನ್ನು ಅಂಗೈಯಗಲದ ಪುಸ್ತಿಕೆಗಳಲ್ಲಿ ಹೊರಡಿಸತೊಡಗಿದರು. ರೈಲಿನಲ್ಲಿ ಓಡಾಡುವವರು ಜೇಬಿಗಿಳಿಸಿಕೊಂಡು ಓದುವ ವಸ್ತು ಅದು. ಚಿತ್ರಕಥೆ ವಯಸ್ಕರ ಕೈಗೆ ಬಂದದ್ದು ಹೀಗೆ, ಅಪರಾಧದ ಹಿಂಬಾಗಿಲಿನಿಂದ. ಮುಂಬಾಗಿಲು ತೆರೆದದ್ದು 1965ರ ಏಪ್ರಿಲಿನಲ್ಲಿ. ಜೊವಾನ್ನಿ ಗಂದೀನಿ ಎಂಬಾತ ‘ಲೀನುಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ. ಮೊದಲ ಸಂಚಿಕೆಯಲ್ಲೇ ಉಂಬೆರ್ತೊ ಎಕೊ, ಕಾದಂಬರಿಕಾರ ಎಲಿಯೊ ವಿತ್ತೊರೀನಿ ಮತ್ತು ಒರೆಸ್ತೆ ದೆಲ್ ಬ್ವೊನೊ ಇವರ ನಡುವೆ ಚಿತ್ರಕಥೆಯ ಬಗ್ಗೆ ನಡೆದ ಸಂವಾದ ಅಚ್ಚಾಗಿತ್ತು. ಪಂಡಿತರು ಮಕ್ಕಳ ಆಟಿಕೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು ಎನ್ನೋಣ.

ಕ್ರೆಪಾಕ್ಸ್ ಹುಟ್ಟಿದ್ದು 1933ರ ಜುಲೈ 15ರಂದು, ಮಿಲಾನಿನಲ್ಲೇ. ತಂದೆ ಲಾ ಸ್ಕಾಲಾ ಎಂಬ ಜಗತ್ಪ್ರಸಿದ್ಧ ಗೀತನಾಟಕ ಶಾಲೆಯ ವಾದ್ಯವೃಂದದಲ್ಲಿ ಚೆಲ್ಲೊ ವಾದಕ. ಮನೆಯಲ್ಲಿ ಸಂಗೀತವಿತ್ತು, ಹುಡುಗ ಮಾತ್ರ ಕಾಗದ ಕತ್ತರಿಸಿ ಸೈನಿಕರನ್ನು ಮಾಡಿ ಯುದ್ಧದ ಆಟವಾಡುತ್ತಿದ್ದ. ಈ ಆಟ ದೊಡ್ಡವನಾದ ಮೇಲೂ ಬಿಡಲಿಲ್ಲ. ಚರಿತ್ರೆಯ ಕದನಗಳನ್ನು ಮೇಜಿನ ಮೇಲೆ ಆಡುವಂತೆ ಅವನು ಎಷ್ಟೋ ಆಟಗಳನ್ನು ರಚಿಸಿದ. ಮಿಲಾನಿನ ಪಾಲಿಟೆಕ್ನಿಕ್ಕಿನಲ್ಲಿ ವಾಸ್ತುಶಿಲ್ಪ ಓದಿ 1958ರಲ್ಲಿ ಪದವಿ ಪಡೆದನಾದರೂ ಒಂದು ಕಟ್ಟಡವನ್ನು ಕಟ್ಟುವ ಉತ್ಸಾಹ ಅವನಿಗಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಗ್ರಾಮಫೋನ್ ತಟ್ಟೆಗಳ ಹೊದಿಕೆಗೆ ಚಿತ್ರ ಬರೆಯುತ್ತಿದ್ದ. ಜಾಸ್ ಸಂಗೀತವೆಂದರೆ ಪ್ರಾಣ. 1957ರಲ್ಲಿ ಶೆಲ್ ಪೆಟ್ರೋಲಿನ ಜಾಹೀರಾತಿಗೆ ಬರೆದ ಚಿತ್ರಗಳಿಗೆ ಬಹುಮಾನ ಬಂತು. ವೈದ್ಯರಿಗಾಗಿ ಹೊರಡುತ್ತಿದ್ದ ‘ತೆಂಪೊ ಮೆದಿಕೊ’ ಪತ್ರಿಕೆಯ ಮುಖಪುಟಗಳನ್ನು ದಶಕಗಳ ಕಾಲ ಬರೆದ. ದೇಹದ ಒಂದೊಂದು ಅಂಗವನ್ನೂ ಬಿಡಿಯಾಗಿ, ನಿಶ್ಚಲವಾಗಿ ನೋಡುವ ಅವನ ಕಣ್ಣಿಗೆ ಈ ವೈದ್ಯಪತ್ರಿಕೆಯ ಋಣವೂ ಇರಬಹುದೇ ಎಂದು ನನಗೆ ಅನ್ನಿಸಿದ್ದುಂಟು.

‘ಲೀನುಸ್’ ಪತ್ರಿಕೆಯ ಎರಡನೆಯ ಸಂಚಿಕೆಗೆ ಅವನು ಒಂದು ಕಥೆ ಕೊಟ್ಟ. ನಾಯಕ ಫಿಲಿಪ್ ರೆಂಬ್ರಾಂಟ್, ವೃತ್ತಿಯಿಂದ ಕಲಾವಿಮರ್ಶಕ. ‘ನ್ಯೂಟ್ರಾನ್’ ಎಂಬ ಗುಪ್ತನಾಮದಿಂದ, ದೃಷ್ಟಿಮಾತ್ರದಿಂದಲೇ ಎದುರಾಳಿಯನ್ನು ಸ್ತಂಭಗೊಳಿಸಬಲ್ಲವನು. ವಿಮರ್ಶಕನ ದೃಷ್ಟಿಗೆ ಎಲ್ಲವೂ ಜಡವಾಗುತ್ತದೆ ಎಂಬ ಈ ವಿನೋದವನ್ನು ನಮ್ಮ ಲೇಖಕರೂ ಒಪ್ಪಿಯಾರು. ಈ ನಾಯಕನ ಗೆಳತಿಯಾಗಿ, ಕಥೆಯ ಒಂದು ಮೂಲೆಯಿಂದ ವಲೆಂಟೀನಾ ಪ್ರವೇಶಿಸಿದಳು. ವೃತ್ತಿಯಿಂದ ಛಾಯಾಗ್ರಾಹಕಿ. ಎರಡು ಮೂರು ವರ್ಷ ಕಳೆಯುವುದರೊಳಗೆ ಕಥೆಯೆಲ್ಲ ಅವಳದಾಯಿತು. ಮಹಾಶಕ್ತಿಯ ನಾಯಕ ಅವಳ ಮನೆಗೆ ಬಂದುಹೋಗುವ ಸಜ್ಜನನಾಗಿ ಉಳಿದ. ನೋಡಿ ಸ್ತಂಭಗೊಳಿಸುವ ಗಂಡಸಿನಿಂದ, ತಾನೇ ಕ್ಯಾಮೆರಾ ಹಿಡಿದು ನೋಡುವ ಹೆಂಗಸಿಗೆ ಕಥೆ ಕೈಬದಲಾಯಿಸಿತು. ಕ್ರೆಪಾಕ್ಸ್ ಇದನ್ನು ಮೊದಲೇ ಯೋಜಿಸಿದ್ದನೆಂದು ನಾನು ನಂಬುವುದಿಲ್ಲ. ಪಾತ್ರಗಳು ಬರೆದವನನ್ನು ಎಳೆದುಕೊಂಡು ಹೋಗುವುದು ಸಾಹಿತ್ಯದಲ್ಲಿ ಹೊಸದೇನಲ್ಲ.

ಅವಳ ಮುಖಕ್ಕೆ ಒಂದು ಪೂರ್ವಕಥೆಯಿದೆ. 1929ರಲ್ಲಿ ಜರ್ಮನಿಯ ಪಾಬ್ಸ್ಟ್ ನಿರ್ದೇಶಿಸಿದ ‘ಪಂಡೋರಾಳ ಪೆಟ್ಟಿಗೆ’ ಎಂಬ ಮೂಕಚಿತ್ರದಲ್ಲಿ ಲುಲು ಎಂಬ ಪಾತ್ರ ವಹಿಸಿದ ಅಮೆರಿಕದ ನಟಿ ಲೂಯಿಸ್ ಬ್ರೂಕ್ಸ್. ಹಣೆಯ ಮೇಲೆ ಗೆರೆ ಎಳೆದಂತೆ ಕತ್ತರಿಸಿದ ಕಪ್ಪು ಕೂದಲು, ಕೆನ್ನೆಗೆ ಒತ್ತಿ ನಿಂತ ಎರಡು ಚೂಪು ಕುರುಳು. ಕ್ರೆಪಾಕ್ಸ್ ಆ ಮುಖವನ್ನು ಮರೆಯಲಿಲ್ಲ. ಹಾಲಿವುಡ್ ಮಾತ್ರ ಮರೆತಿತ್ತು. 1938ರ ನಂತರ ಅವಳಿಗೆ ಚಿತ್ರವೇ ಸಿಕ್ಕಲಿಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಎಂಬ ಊರಿನಲ್ಲಿ ಒಂಟಿಯಾಗಿ, ಹಳೆಯ ಚಿತ್ರಗಳ ಬಗ್ಗೆ ಹರಿತವಾದ ಪ್ರಬಂಧಗಳನ್ನು ಬರೆಯುತ್ತ ಮುದುಕಿಯಾಗುತ್ತಿದ್ದಳು. ಸಮುದ್ರದಾಚೆಯ ಒಂದು ನಗರದಲ್ಲಿ ತನ್ನ ಯೌವನ ತಿಂಗಳು ತಿಂಗಳೂ ಹೊಸ ಸಾಹಸಗಳಲ್ಲಿ ತೊಡಗಿದೆಯೆಂದು ಅವಳಿಗೆ ಗೊತ್ತಾಯಿತು. ಚಿತ್ರಕಾರನಿಗೂ ಅವಳಿಗೂ ಪತ್ರವ್ಯವಹಾರ ನಡೆಯಿತು. 1985ರಲ್ಲಿ ಅವಳು ತೀರಿಕೊಂಡಾಗ ವಲೆಂಟೀನಾ ಇನ್ನೂ ಬದುಕಿದ್ದಳು.

ಬಾನುಲಿಯ ಮುಂದೆ ಕುಳಿತವರಿಗೆ ಚಿತ್ರ ತೋರಿಸುವ ಉಪಾಯವಿಲ್ಲ. ಆದರೂ ಕ್ರೆಪಾಕ್ಸನ ಪುಟ ಹೇಗಿರುತ್ತದೆಂದು ಮಾತಿನಲ್ಲಿ ಹೇಳಲು ಯತ್ನಿಸುತ್ತೇನೆ. ರಾತ್ರಿ ದೂರವಾಣಿ ಬಾರಿಸುತ್ತದೆ, ಹೆಂಗಸೊಬ್ಬಳು ಎಚ್ಚರಗೊಂಡು ಎತ್ತಿಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಬೇರೆ ಚಿತ್ರಕಾರ ಇದನ್ನು ಒಂದು ಚೌಕದಲ್ಲಿ ಮುಗಿಸುತ್ತಾನೆ. ಕ್ರೆಪಾಕ್ಸನಿಗೆ ಹನ್ನೆರಡು ಚೌಕ ಬೇಕು. ಮುಚ್ಚಿದ ರೆಪ್ಪೆ, ಅರೆ ತೆರೆದ ರೆಪ್ಪೆ, ದಿಂಬಿನ ಮೇಲೆ ಹರಡಿದ ಕೂದಲು, ದೀಪದ ಗುಂಡಿಯತ್ತ ಚಾಚಿದ ಬೆರಳು, ಬರಿಯ ಕತ್ತಲೆಯ ಒಂದು ಚೌಕ, ಕಾಲಿನ ಹೆಬ್ಬೆರಳು ತಣ್ಣನೆಯ ನೆಲಕ್ಕೆ ತಾಗಿದ ಕ್ಷಣ. ಕೆಲವು ಚೌಕಗಳು ಅಂಚೆಚೀಟಿಯಷ್ಟು, ಕೆಲವು ಉದ್ದನೆಯ ಸೀಳು. ಒಂದು ಸೆಕೆಂಡು ಪುಟದುದ್ದಕ್ಕೂ ಹಿಗ್ಗುತ್ತದೆ. ಚಲನಚಿತ್ರದವರು ಸಂಕಲನವೆಂದು ಕರೆಯುವ ವಿದ್ಯೆ ಇದು. ಆದರೆ ಚಲನಚಿತ್ರದಲ್ಲಿ ತುಣುಕುಗಳು ಒಂದರ ಹಿಂದೊಂದು ಬಂದು ಮಾಯವಾಗುತ್ತವೆ, ಇಲ್ಲಿ ಹನ್ನೆರಡೂ ಒಟ್ಟಿಗೆ ಕಣ್ಣೆದುರು ನಿಂತಿರುತ್ತವೆ. ಕಟ್ಟಡ ಕಟ್ಟದ ವಾಸ್ತುಶಿಲ್ಪಿ ಪುಟವನ್ನು ಕಟ್ಟಿದ. ಬಣ್ಣವಿಲ್ಲ, ಕಪ್ಪು ಶಾಯಿ ಮತ್ತು ಬಿಳಿ ಕಾಗದ. ಕುರ್ಚಿ, ದೀಪ, ಕಿಟಕಿಯ ಪರದೆ ಎಲ್ಲವೂ ಆ ಕಾಲದ ಮಿಲಾನಿನ ಮನೆಯವೇ.

ಮೈ ಬಿಚ್ಚಿದ ಚಿತ್ರಗಳು ಇಲ್ಲಿ ಹೇರಳ. ಅದನ್ನು ಮುಚ್ಚಿಟ್ಟು ಮಾತಾಡುವುದು ಅಪ್ರಾಮಾಣಿಕತೆ. ವಲೆಂಟೀನಾಳ ಕಥೆಯ ಅರ್ಧ ಭಾಗ ಅವಳ ಕನಸು. ಆ ಕನಸುಗಳಲ್ಲಿ ಬಂಧನವಿದೆ, ಬೆತ್ತವಿದೆ, ಚರಿತ್ರೆಯ ಪುಸ್ತಕಗಳಿಂದ ಎದ್ದುಬಂದ ಸೈನಿಕರಿದ್ದಾರೆ. ಆದರೆ ಕನಸು ಅವಳದು. ಎಚ್ಚರಗೊಂಡು ಕಾಫಿ ಕುಡಿದು ಕ್ಯಾಮೆರಾ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುವವಳು ಕೂಡ ಅವಳೇ. ಬಯಕೆಯೂ ಅಂಜಿಕೆಯೂ ಒಬ್ಬ ವ್ಯಕ್ತಿಯ ಅಂತರಂಗಕ್ಕೆ ಸೇರಿದ್ದಾಗಿ ಕಾಣುತ್ತವೆ. ನಮ್ಮ ಲಾಕ್ಷಣಿಕರ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಆಲಂಬನಕ್ಕೆ ಒಂದು ಮನಸ್ಸಿದೆ.

1975ರಿಂದ ಮುಂದೆ ಅವನು ಕೈಗೊಂಡ ರೂಪಾಂತರಗಳ ಬಗ್ಗೆ ಇದೇ ಮಾತನ್ನು ಹೇಳಲಾರೆ. ‘ಓ ಎಂಬವಳ ಕಥೆ’, 1978ರಲ್ಲಿ ‘ಇಮ್ಯಾನ್ಯುಯೆಲ್’, 1979ರಲ್ಲಿ ಮಾರ್ಕಿ ದ ಸಾದನ ‘ಜುಸ್ತೀನ್’, 1984ರಲ್ಲಿ ಮಾಸೋಖನ ‘ತುಪ್ಪುಳುಡೆಯ ವೀನಸ್’. ಅವನ ಹೆಸರನ್ನು ದೇಶ ದೇಶಗಳಿಗೆ ಒಯ್ದವುಗಳಲ್ಲಿ ಇವೇ ಮುಖ್ಯ. ಗೆರೆ ಎಲ್ಲಿಯೂ ಸೋತಿಲ್ಲ. ಕೌಶಲ ಹೆಚ್ಚಿದೆಯೆಂದೇ ಹೇಳಬೇಕು. ಆದರೆ ಈ ಹೆಂಗಸರಿಗೆ ಬೆಳಗಿನ ಕಾಫಿಯಿಲ್ಲ, ಮಾಡಲು ಕೆಲಸವಿಲ್ಲ. ಹಿಂಸೆಯ ಮೇಲೆ ಹಿಂಸೆ ಬರುತ್ತದೆ, ಲೇಖನಿ ಅದೇ ನಾಜೂಕಿನಿಂದ ಅದನ್ನು ಬಿಡಿಸಿಡುತ್ತದೆ. ಒಂದು ಕಾಲದಲ್ಲಿ ಅಂತರಂಗವನ್ನು ಹುಡುಕಲು ಕಂಡುಕೊಂಡ ವಿಧಾನ, ಅಂಗಾಂಗಗಳ ವರ್ಣನೆಯ ಚಾತುರ್ಯವಾಗಿ ಇಳಿಯಿತು. ಕಲೆಯ ಹೆಸರಿನಲ್ಲಿ ಇದನ್ನು ಸಮರ್ಥಿಸಿದವರು ಯೂರೋಪಿನಲ್ಲಿ ಅನೇಕರು. ನನಗೆ ಅವರ ಧೈರ್ಯವಿಲ್ಲ. ಸಭ್ಯರ ಸಂಕೋಚ ನ್ಯಾಯವೆನಿಸುವುದು ಈ ಪುಟಗಳಲ್ಲಿ. ಆದರೆ ಇದೇ ವರ್ಷಗಳಲ್ಲಿ ಅವನು ರಷ್ಯದ ಅಂತರ್ಯುದ್ಧದ ಹಿನ್ನೆಲೆಯಲ್ಲಿ ‘ಪ್ಸ್ಕೋವಿನ ಮನುಷ್ಯ’, ಜಾಸ್ ಸಂಗೀತದ ನಡುವೆ ‘ಹಾರ್ಲೆಮ್ಮಿನ ಮನುಷ್ಯ’ ಎಂಬ ಕೃತಿಗಳನ್ನೂ ಬರೆದ. ಓದುವವರಿಗೆ ಅವು ನೆನಪಾಗುವುದೇ ಅಪರೂಪ. ಒಮ್ಮೆ ಹಣೆಗೆ ಚೀಟಿ ಅಂಟಿದರೆ ಹೀಗೆಯೇ.

ಅವಳ ವಯಸ್ಸಿನ ವಿಷಯಕ್ಕೆ ಬರುತ್ತೇನೆ. ಕ್ರೆಪಾಕ್ಸ್ ಅವಳಿಗೆ ಜನ್ಮದಿನವನ್ನು ಕೊಟ್ಟಿದ್ದ: 1942ರ ಡಿಸೆಂಬರ್ 25. ಹುಟ್ಟಿದ ಊರು ಮಿಲಾನ್. ವಾಸ ಚಿತ್ರಕಾರನ ಬೀದಿಯಲ್ಲೇ. ದಿನಾಂಕ ಕೊಟ್ಟಮೇಲೆ ಅದರ ಲೆಕ್ಕವನ್ನೂ ಇಟ್ಟ. ಅವಳು ಬಸುರಾದಳು, ಹೆತ್ತಳು, ಮತ್ತೀಯಾ ಎಂಬ ಮಗ ಕಥೆಯಿಂದ ಕಥೆಗೆ ಬೆಳೆದ. ಕಣ್ಣಿನ ಕೆಳಗೆ ಗೆರೆಗಳು ಬಂದವು. 1973ರಲ್ಲಿ ಕೊರ್ರಾದೊ ಫರೀನಾ ‘ಬಾಬಾ ಯಾಗಾ’ ಎಂಬ ಕಥೆಯನ್ನು ಚಲನಚಿತ್ರ ಮಾಡಿದ. ಪುಟದ ಚೌಕಗಳ ಪರಿಣಾಮ ತರಲು ನಡುನಡುವೆ ಕಪ್ಪು ಬಿಳುಪಿನ ಸ್ಥಿರಚಿತ್ರಗಳನ್ನು ಜೋಡಿಸಿದ. ತೆರೆಯ ಮೇಲಿನ ನಟಿ ಆ ವಯಸ್ಸಿನಲ್ಲೇ ನಿಂತಳು, ಕಾಗದದವಳು ಮುಂದೆ ನಡೆದಳು. ಶೃಂಗಾರವನ್ನು ನಂಬಿ ಜೀವನ ಮಾಡುವ ಚಿತ್ರಕಾರನಿಗೆ ನಾಯಿಕೆಯ ಯೌವನವೇ ಬಂಡವಾಳ. ಅದನ್ನು ವರ್ಷ ವರ್ಷ ತಾನೇ ಕರಗಿಸುವುದೆಂದರೆ ಸಣ್ಣ ಮಾತಲ್ಲ. ವ್ಯಾಪಾರದ ದೃಷ್ಟಿಯಿಂದ ಶುದ್ಧ ಅವಿವೇಕ. 2008ರಲ್ಲಿ ಮಿಲಾನಿನ ತ್ರಿಯೆನ್ನಾಲೆಯಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆದಾಗ ಅದಕ್ಕೆ ‘ಕಾಲದ ಆಕಾರ’ ಎಂದು ಹೆಸರಿಟ್ಟದ್ದು ಸರಿಯಾಗಿಯೇ ಇದೆ.

1995ರಲ್ಲಿ ಅವನು ಅವಳ ಕಥೆಯನ್ನು ನಿಲ್ಲಿಸಿದ. ಆಗ ಅವಳಿಗೆ ಐವತ್ತು ದಾಟಿತ್ತು. ಕೊನೆಯ ಕೃತಿಯ ಹೆಸರು ‘ಹಾಳಾಗಿ ಹೋಗಲಿ ವಲೆಂಟೀನಾ’ ಎಂಬಂಥದು. ಮೂವತ್ತು ವರ್ಷ ಜೊತೆಗಿದ್ದವರು ಮಾತ್ರ ಆಡಬಹುದಾದ ಮಾತು. ಅವನ ದೇಹವನ್ನೂ ಆ ವೇಳೆಗೆ ನರಗಳಿಗೆ ಸಂಬಂಧಿಸಿದ ಕಾಯಿಲೆ ಹಿಡಿದಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ವೈದ್ಯರು ಕರೆಯುವ ಈ ವ್ಯಾಧಿ ಮೆಲ್ಲಮೆಲ್ಲನೆ ಕೈಕಾಲುಗಳ ಸ್ವಾಧೀನವನ್ನು ಕಸಿಯುತ್ತದೆ. ಆದರೂ 1999ರಲ್ಲಿ ಕಾಫ್ಕಾನ ‘ವಿಚಾರಣೆ’ಯನ್ನೂ 2002ರಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನೂ ಚಿತ್ರರೂಪಕ್ಕೆ ತಂದ. 2003ರ ಜುಲೈ 31ರಂದು, ಎಪ್ಪತ್ತು ತುಂಬಿದ ಹದಿನಾರನೆಯ ದಿನ, ಮಿಲಾನಿನಲ್ಲಿ ತೀರಿಕೊಂಡ. ಅವನು ಇಟ್ಟ ಲೆಕ್ಕದ ಪ್ರಕಾರ ವಲೆಂಟೀನಾಗೆ ಅಂದು ಅರವತ್ತು ವರ್ಷ.