ಕಡಿಮೆ ಖರ್ಚಿನ ಬೇಸಿಗೆ ಪ್ರವಾಸ: ಚುಂಚನಕಟ್ಟೆ, ಬೆಟ್ಟದಪುರ, ಬೈಲಕುಪ್ಪೆ, ಕಬಿನಿ – ಯಾವ ನಂಬಿಕೆ ನಿಜ, ಯಾವುದು ಅಪಾಯ?

ಏಪ್ರಿಲ್ ಬಂತೆಂದರೆ ಮಕ್ಕಳಿಗೆ ರಜೆ, ದೊಡ್ಡವರಿಗೆ ತಲೆನೋವು. ಊಟಿ, ಕೊಡಗು ಎಂದರೆ ಲಾಡ್ಜ್, ಟ್ಯಾಕ್ಸಿ ಸೇರಿ ತಿಂಗಳ ಸಂಬಳದ ದೊಡ್ಡ ಪಾಲು ಹೋಗುತ್ತದೆ. ಆದರೆ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂಥ ಜಾಗಗಳು ಸಾಕಷ್ಟಿವೆ. ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಆಯಿತು. ಈ ಜಾಗಗಳ ಜೊತೆಗೆ ಕೆಲವು ನಂಬಿಕೆಗಳೂ, ವಾಟ್ಸಾಪ್ ಸಲಹೆಗಳೂ ಅಂಟಿಕೊಂಡಿವೆ. ಕೆಲವು ಕೇಳಲು ಚಂದ. ಕೆಲವು ಜೀವ ತೆಗೆಯುವಂಥವು. ಎರಡನ್ನೂ ಇಲ್ಲಿ ನೋಡೋಣ.

ಖರ್ಚು ಎಷ್ಟು ಇಳಿಸಬಹುದು?

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ, ಹನ್ನೆರಡರವರೆಗಿನ ಗಂಡುಮಕ್ಕಳಿಗೆ ಅರ್ಧ ಟಿಕೆಟ್. ಅಂದರೆ ಅಜ್ಜಿ, ಅಪ್ಪ, ಅಮ್ಮ, ಹನ್ನೆರಡರೊಳಗಿನ ಇಬ್ಬರು ಮಕ್ಕಳು ಹೊರಟರೆ ಒಂದು, ಹೆಚ್ಚೆಂದರೆ ಎರಡು ಟಿಕೆಟ್ಟಿನ ದುಡ್ಡು. ಒಂದು ಮಾತು ಗಮನದಲ್ಲಿರಲಿ: ಕೇರಳಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಕೆ.ಆರ್. ನಗರಕ್ಕೆ ಮೈಸೂರಿನಿಂದ ರೈಲೂ ಇದೆ. ಬಸ್ಸು ಕಂಡೇ ಬೇಸತ್ತಿರುವ ಮಕ್ಕಳಿಗೆ ಅದೇ ಒಂದು ಪ್ರವಾಸ.

ಹಳ್ಳಿಯ ಕಡೆ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ವಾಪಸು ಬರುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕಂಡಕ್ಟರನ್ನೇ ಕೇಳಿಕೊಳ್ಳುವುದು. ಇದನ್ನು ಮರೆತರೆ ಉಳಿಸಿದ ದುಡ್ಡೆಲ್ಲ ಆಟೋಗೆ ಹೋಗುತ್ತದೆ.

ಚುಂಚನಕಟ್ಟೆಯ ಗರ್ಭಗುಡಿಯಲ್ಲಿ ಜಲಪಾತದ ಸದ್ದು ಕೇಳುವುದಿಲ್ಲವೇ?

ಹಿಂದೆ ಕೆ.ಆರ್. ನಗರ ತಾಲ್ಲೂಕಿನಲ್ಲಿದ್ದು ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿರುವ ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 60 ಅಡಿ ಎತ್ತರದಿಂದ ಧುಮ್ಮಿಕ್ಕುತ್ತದೆ. ಪಕ್ಕದಲ್ಲೇ ಕೋದಂಡರಾಮನ ದೇವಸ್ಥಾನ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣರು ಇಲ್ಲಿಗೆ ಬಂದಿದ್ದರು, ಚುಂಚ–ಚುಂಚಿ ಎಂಬ ದಂಪತಿಗಳಿಂದ ಊರಿಗೆ ಹೆಸರು ಬಂತು ಎಂಬುದು ಸ್ಥಳಪುರಾಣ. ಹೊರಗೆ ನದಿ ಎಷ್ಟೇ ಅಬ್ಬರಿಸಿದರೂ ಗರ್ಭಗುಡಿಯೊಳಗೆ ಅದರ ಸದ್ದು ಕೇಳಿಸದು ಎಂದು ಭಕ್ತರು ಹೇಳುತ್ತಾರೆ.

ಇದು ವಿಜ್ಞಾನಕ್ಕೆ ವಿರುದ್ಧವಾದ ಮಾತೇನಲ್ಲ. ಗೋಡೆ ಭಾರವಾದಷ್ಟೂ ಅದನ್ನು ಅಲುಗಿಸುವುದು ಶಬ್ದಕ್ಕೆ ಕಷ್ಟ. ದಪ್ಪ ಕಲ್ಲಿನ ಗೋಡೆ ಹೊರಗಿನ ಸದ್ದಿನ ಬಹುಪಾಲನ್ನು ತಡೆದುಬಿಡುತ್ತದೆ. ಒಳಕ್ಕೆ ಬರಲು ಉಳಿದಿರುವ ದಾರಿ ಬಾಗಿಲು ಮಾತ್ರ. ನೀರು ಬೀಳುವ ‘ಶೋ’ ಎಂಬ ಸದ್ದಿನಲ್ಲಿರುವ ಹೆಚ್ಚಿನ ಕಂಪನಾಂಕದ ಭಾಗ ಮೂಲೆಗಳನ್ನು ಸುಲಭವಾಗಿ ತಿರುಗಿಕೊಂಡು ಬರುವುದಿಲ್ಲ. ಒಂದರ ಹಿಂದೆ ಒಂದು ಬಾಗಿಲು ದಾಟಿದಂತೆ ಅದು ಕ್ಷೀಣಿಸುತ್ತದೆ. ಒಳಗಿನ ಗಂಟೆ, ಮಂತ್ರ, ಜನರ ಮಾತು ಉಳಿದದ್ದನ್ನೂ ಮುಚ್ಚಿಬಿಡುತ್ತವೆ.

ಮಕ್ಕಳ ಕೈಗೆ ಇದನ್ನೊಂದು ಪ್ರಯೋಗವಾಗಿ ಕೊಡಬಹುದು. ಶಬ್ದ ಅಳೆಯುವ ಉಚಿತ ಆ್ಯಪ್‌ಗಳು ಮೊಬೈಲಿಗೆ ಸಿಗುತ್ತವೆ. ನದಿಯ ದಂಡೆ, ದೇವಸ್ಥಾನದ ಅಂಗಳ, ಒಳಗಿನ ಮಂಟಪ – ಮೂರು ಕಡೆ ಅಳೆದು ಬರೆದುಕೊಳ್ಳಲಿ (ಮೊಬೈಲ್ ಒಳಗೆ ತರಬಹುದೇ ಎಂದು ಅರ್ಚಕರನ್ನು ಮೊದಲು ಕೇಳಿ). ಬೇಸಿಗೆಯಲ್ಲಿ ನೀರು ಕಡಿಮೆ, ಸದ್ದೂ ಕಡಿಮೆ. ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ ಅಳೆದರೆ ಲೆಕ್ಕ ಪೂರ್ತಿಯಾಗುತ್ತದೆ.

‘ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತದೆ’

ಕಾವೇರಿ, ಕಪಿಲೆಯ ದಂಡೆಯ ಊರುಗಳಲ್ಲಿ ಈ ಮಾತು ಕೇಳದವರಿಲ್ಲ. ಹೊಳೆ ಬಲಿ ಕೇಳುವುದಿಲ್ಲ. ಅದೇ ಜಾಗ, ಅದೇ ಮಡು, ಅದೇ ರಜೆಯ ದಿನಗಳು, ಹೊಸದಾಗಿ ಬಂದವರು – ಇವು ಪ್ರತಿ ವರ್ಷ ಒಟ್ಟಿಗೆ ಸೇರುತ್ತವೆ, ಅಷ್ಟೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಬಲಿ ಎಂದು ಕೈಚೆಲ್ಲಿ ಕುಳಿತರೆ ಈ ಸಾವುಗಳನ್ನು ತಡೆಯುವ ದಾರಿಯೇ ಕಾಣುವುದಿಲ್ಲ.

ಬೇಸಿಗೆಯ ನದಿ ಸಾಧುವಾಗಿ ಕಾಣುತ್ತದೆ. ಮೊಣಕಾಲುದ್ದ ನೀರು, ನಡುವೆ ಬಂಡೆಗಳು. ಆದರೆ ಜಲಪಾತದ ಕೆಳಗೆ ವರ್ಷಾನುಗಟ್ಟಲೆ ನೀರು ಕೊರೆದ ಮಡುಗಳಿರುತ್ತವೆ. ಮರಳು ತೆಗೆದ ಕಡೆ ಹೊಂಡಗಳಿರುತ್ತವೆ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು. ಬಂಡೆಯ ಮೇಲಿನ ಪಾಚಿ ಸೋಪಿನಂತೆ ಜಾರುತ್ತದೆ. ಮೇಲೆ ಕೊಡಗಿನಲ್ಲಿ ಮಳೆ ಬಿದ್ದರೆ, ಇಲ್ಲಿ ಬಿಸಿಲು ಕಾಯುತ್ತಿದ್ದರೂ ಹರಿವು ಏರಬಹುದು. ಕೆರೆ, ಬಾವಿಯಲ್ಲಿ ಕಲಿತ ಈಜು ಹರಿಯುವ ನೀರಿನಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ‘ನನಗೆ ಈಜು ಬರುತ್ತೆ’ ಎನ್ನುವವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಮುಳುಗುವವರು ಕೈ ಬೀಸಿ ‘ಕಾಪಾಡಿ’ ಎಂದು ಕೂಗುವುದು ಹೆಚ್ಚಾಗಿ ಸಿನಿಮಾದಲ್ಲಿ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಸಮಯವಿರುವುದಿಲ್ಲ, ಕೂಗುವುದೆಲ್ಲಿ? ಮಗು ಸದ್ದಿಲ್ಲದೆ, ಒಂದು ನಿಮಿಷದೊಳಗೆ ಮುಳುಗಿಬಿಡಬಹುದು. ಆದ್ದರಿಂದ ಮಕ್ಕಳು ನೀರಿನ ಬಳಿ ಇರುವಷ್ಟು ಹೊತ್ತು ಒಬ್ಬ ದೊಡ್ಡವರು ಮೊಬೈಲ್ ಜೇಬಿಗಿಟ್ಟು, ಕೈಗೆಟುಕುವಷ್ಟು ಹತ್ತಿರ ನಿಂತು, ಅವರನ್ನೇ ನೋಡುತ್ತಿರಬೇಕು. ‘ಎಲ್ಲರೂ ನೋಡ್ತಾ ಇದ್ದೀವಲ್ಲ’ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂರು ನಾಲ್ಕು ಜನ ಹೋಗುವುದು ಹೀಗೆಯೇ. ದಡದಲ್ಲಿ ಮಲಗಿ ಸೀರೆ, ಹಗ್ಗ, ಉದ್ದನೆಯ ಕೋಲು ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಬಿಂದಿಗೆ ಎಸೆದರೂ ಹಿಡಿದು ತೇಲಬಹುದು.

ಮೇಲಕ್ಕೆ ತಂದ ಮೇಲೆ ಏನು ಮಾಡಬೇಕು ಎನ್ನುವಲ್ಲಿ ಸುಳ್ಳುಗಳು ಹೆಚ್ಚು. ದೇಹವನ್ನು ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂಬ ಸಂದೇಶ ಹಲವು ವರ್ಷಗಳಿಂದ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಜೀವ ಬರಲಿಲ್ಲ, ಬರುವುದೂ ಇಲ್ಲ. ಉಪ್ಪು ಚರ್ಮದ ತೇವ ಹೀರಬಹುದು. ನಿಂತ ಉಸಿರನ್ನು, ಆಮ್ಲಜನಕವಿಲ್ಲದೆ ಸಾಯುತ್ತಿರುವ ಮೆದುಳನ್ನು ಅದು ಮುಟ್ಟುವುದೂ ಇಲ್ಲ. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಕೂಡ ತಪ್ಪು. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶ ಸೇರಬಹುದು. ಬೆಲೆಬಾಳುವ ನಿಮಿಷಗಳು ಹಾಳಾಗುವುದಂತೂ ಖಂಡಿತ.

ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಮುಳುಗಿದವರಲ್ಲಿ ಮೊದಲು ಬೇಕಿರುವುದು ಗಾಳಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಎರಡು ಉಸಿರು ಕೊಟ್ಟು, ಮತ್ತೆ 30. ಉಸಿರು ಕೊಡಲು ಬಾರದಿದ್ದರೆ ಒತ್ತುವುದನ್ನಾದರೂ ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಎದ್ದು ಕುಳಿತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಹೆಚ್ಚಾಗಬಹುದು.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಬಯಲಿನ ನಡುವೆ ಒಂಟಿಯಾಗಿ ಎದ್ದ ಬೆಟ್ಟವಿದೆ. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಮೇಲೆ ಮಲ್ಲಿಕಾರ್ಜುನ ದೇವಸ್ಥಾನ. ಇಲ್ಲಿ ಸಿಡಿಲು ದೇವಸ್ಥಾನಕ್ಕೆ ಬಂದು ಹೋಗುತ್ತದೆ ಎಂಬ ನಂಬಿಕೆಯಿಂದ ದೇವರ ಹೆಸರೇ ಸಿಡಿಲು ಮಲ್ಲಿಕಾರ್ಜುನ. ‘ಸಿಡಿಲು ಒಂದೇ ಜಾಗಕ್ಕೆ ಎರಡು ಸಲ ಹೊಡೆಯುವುದಿಲ್ಲ’ ಎನ್ನುವವರಿಗೆ ಈ ಹೆಸರೇ ಉತ್ತರ. ಸುತ್ತಲಿಗಿಂತ ಎತ್ತರವಾಗಿ, ಒಂಟಿಯಾಗಿ ನಿಂತ ಜಾಗಕ್ಕೆ ಸಿಡಿಲು ಮತ್ತೆ ಮತ್ತೆ ಬಡಿಯುತ್ತದೆ. ಹೆಸರಿಟ್ಟವರು ಚೆನ್ನಾಗಿ ಗಮನಿಸಿದ್ದರು.

ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಬೆಳಗಿನ ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರಿ ಮೋಡ ಕಟ್ಟಲು ಅಷ್ಟು ಹೊತ್ತು ಬೇಕು. ಹಾಗಾಗಿ ಆರು, ಆರೂವರೆಗೆ ಹತ್ತಲು ಶುರುಮಾಡಿ, ಹನ್ನೊಂದರೊಳಗೆ ಕೆಳಗಿರುವುದು ಬುದ್ಧಿವಂತಿಕೆ. ಮೆಟ್ಟಿಲ ಕಲ್ಲು ಕಾಯುವ ಮೊದಲೇ ಇಳಿದರೆ ಬರಿಗಾಲಿನ ಹರಕೆ ಹೊತ್ತ ಅಜ್ಜಿಯ ಪಾದಗಳೂ ಉಳಿಯುತ್ತವೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿಸಿದರೆ ನೀವು ಅಪಾಯದ ವ್ಯಾಪ್ತಿಯಲ್ಲಿದ್ದೀರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಮರದ ಕೆಳಗೆ ನಿಲ್ಲುವುದು ಅತ್ಯಂತ ಕೆಟ್ಟ ಆಯ್ಕೆ: ಮರಕ್ಕೆ ಹೊಡೆದ ಸಿಡಿಲು ಪಕ್ಕದವರಿಗೆ ಹಾರುತ್ತದೆ, ಬೇರಿನ ಸುತ್ತಲ ನೆಲದಲ್ಲೂ ಹರಿಯುತ್ತದೆ. ತೆರೆದ ಕಲ್ಲುಮಂಟಪವೂ ಆಶ್ರಯವಲ್ಲ. ಪೂರ್ತಿ ಮುಚ್ಚಿದ ಕಟ್ಟಡ, ಲೋಹದ ಮೈಯ ಬಸ್ಸು ಅಥವಾ ಕಾರು ಸುರಕ್ಷಿತ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದು ಸುಳ್ಳು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುವುದರಿಂದ ಮೊಬೈಲ್ ಜೊತೆಗಿರುವುದೇ ಒಳ್ಳೆಯದು. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ರೂಢಿಯಿದೆ. ಧೈರ್ಯಕ್ಕೆ ಹೇಳಿಕೊಳ್ಳಿ, ಆದರೆ ಒಳಗೆ ಹೋಗಿ ಹೇಳಿಕೊಳ್ಳಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಈ ಹೆದರಿಕೆಯಿಂದ ಜನ ದೂರ ನಿಂತು, ಹೃದಯ ನಿಂತವರಿಗೆ ಸಿಗಬೇಕಾದ ನೆರವು ತಪ್ಪುತ್ತದೆ. 2022ರಲ್ಲಿ ದೇಶದಲ್ಲಿ 2,887 ಜನ ಸಿಡಿಲಿಗೆ ಬಲಿಯಾದರು.

ನೆರಳು ಬೇಕಾದವರಿಗೆ

ಬೆಟ್ಟ ಇಳಿದ ಮೇಲೆ ಮಧ್ಯಾಹ್ನ ಕಳೆಯಲು ಅದೇ ತಾಲ್ಲೂಕಿನ ಬೈಲಕುಪ್ಪೆ ಇದೆ. 1960ರ ಸುಮಾರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಜಾಗದಲ್ಲಿ ಟಿಬೆಟ್ ನಿರಾಶ್ರಿತರು ನೆಲೆಯೂರಿದರು. 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ವಿಹಾರವನ್ನೇ ನಾವು ಗೋಲ್ಡನ್ ಟೆಂಪಲ್ ಎನ್ನುವುದು. ಸುಮಾರು 60 ಅಡಿಯ ಬುದ್ಧನ ಮುಂದೆ, ತಂಪು ಪ್ರಾರ್ಥನಾ ಮಂದಿರದಲ್ಲಿ ಸುಮ್ಮನೆ ಕುಳಿತಿರಬಹುದು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ ಪುಟ್ಟ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಚಿಕ್ಕ ಗುಡ್ಡ, ಮೇಲೆ ಗೊಮ್ಮಟ, ಅರ್ಧ ದಿನ ಸಾಕು.

ಎಚ್.ಡಿ. ಕೋಟೆಯಲ್ಲಿ ಆನೆ ನೋಡಲು ಸಫಾರಿಯೇ ಬೇಕೆ?

1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಇಳಿದಂತೆ ಅಂಚಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹುಲ್ಲು, ನೀರು ಹುಡುಕಿ ಅಲ್ಲಿಗೆ ಗುಂಪುಗುಂಪಾಗಿ ಬರುತ್ತವೆ. ‘ಬೇಸಿಗೆಯಲ್ಲಿ ಪ್ರಾಣಿ ಹೆಚ್ಚು ಕಾಣುತ್ತವೆ’ ಎಂಬ ಮಾತು ಹೀಗಾಗಿ ನಿಜ. ಸಫಾರಿ ಐದು ಜನರ ಮನೆಗೆ ದುಬಾರಿ. ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ, ಬಳ್ಳೆ ದಾಟಿ ಮಾನಂದವಾಡಿಗೆ ಹೋಗುವ ಬಸ್ಸು ನಾಗರಹೊಳೆ ಕಾಡಿನ ನಡುವೆಯೇ ಸಾಗುತ್ತದೆ. ಜಿಂಕೆಯಂತೂ ಕಾಣಬಹುದು, ಅದೃಷ್ಟವಿದ್ದರೆ ಆನೆ. ಅಂತರರಾಜ್ಯ ಬಸ್ಸಾದ್ದರಿಂದ ಎಲ್ಲರಿಗೂ ಟಿಕೆಟ್ ಬೇಕು. ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಬೆಳಿಗ್ಗೆಯೇ ಹೊರಡಬೇಕು. ಸ್ವಂತ ಗಾಡಿಯಲ್ಲಿ ಹೋದವರು ಕಾಡಿನ ನಡುವೆ ಇಳಿದು ಸೆಲ್ಫಿ ತೆಗೆಯುವುದು, ಕೋತಿಗೆ ಬಿಸ್ಕತ್ ಹಾಕುವುದು ಎರಡೂ ಅಪರಾಧ, ಎರಡೂ ಮೂರ್ಖತನ.

ಬುತ್ತಿಯಲ್ಲಿ ಏನಿರಲಿ?

ಅನ್ನ ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೆಚ್ಚಗಿನ ಡಬ್ಬಿಯಲ್ಲಿ ಮೊಳೆತು ವಿಷ ಮಾಡುತ್ತವೆ. ವಾಂತಿಗೆ ಅದೇ ಕಾರಣ. ಹುಳಿ ಹೆಚ್ಚಿದ್ದರೆ ಅವು ಬೆಳೆಯುವುದು ಕಷ್ಟ. ಪ್ರಯಾಣಕ್ಕೆ ಪುಳಿಯೋಗರೆ ಕಟ್ಟುತ್ತಿದ್ದ ಅಜ್ಜಿಯರ ಲೆಕ್ಕ ಸರಿಯಾಗಿಯೇ ಇತ್ತು. ಅನ್ನವನ್ನು ಹರಡಿ ಆರಿಸಿ, ಒಗ್ಗರಣೆ ಕಲಸಿ, ಆಮೇಲೆ ತುಂಬಿ. ಬಿಸಿಯಾಗಿ ಮುಚ್ಚಬೇಡಿ. ಕಾಯಿ ಚಟ್ನಿ ಬೇಡ, ಚಟ್ನಿಪುಡಿ ಸಾಕು.

ಜೇಬಿನಲ್ಲಿ ಈರುಳ್ಳಿ ಇಟ್ಟರೆ ಬಿಸಿಲು ತಾಗುವುದಿಲ್ಲ ಎನ್ನುತ್ತಾರೆ. ದೇಹ ತಣಿಯುವುದು ಬೆವರು ಆರುವುದರಿಂದ, ಬೆವರಿಗೆ ಬೇಕಾದದ್ದು ನೀರು, ಉಪ್ಪು. ಈರುಳ್ಳಿಯನ್ನು ಮಜ್ಜಿಗೆಗೆ ಹೆಚ್ಚಿ ಹಾಕಿದರೆ ಉಪಯೋಗವುಂಟು. ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಸುಸ್ತಾದವರಿಗೆ ಮನೆಯ ಓಆರ್‌ಎಸ್ ಸಿದ್ಧ. ಆದರೆ ಮೈ ಕಾದು, ಮಾತು ತೊದಲಿ, ಗೊಂದಲ ಶುರುವಾದರೆ ಅದು ಸುಸ್ತಲ್ಲ, ಬಿಸಿಲಿನ ಆಘಾತ. ಆಗ ಏನನ್ನೂ ಕುಡಿಸಲು ಹೋಗಬೇಡಿ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯುತ್ತ, ಟವೆಲ್ಲಿನಿಂದ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.